ಬಳೆಗಾರನ ಸಾವನ್ನು ನಾನು ಬರೆದ ಬಗೆ

ನನ್ನ ಕಾದಂಬರಿಯ ಬಳೆಗಾರ ಯಾರ ಮೇಲೂ ದನಿ ಏರಿಸಿದವನಲ್ಲ. ಅವನು ಗುಂಡೇಟಿಗೆ ಸಾಯುತ್ತಾನೆ ಎಂದು ಮೊದಲ ಅಧ್ಯಾಯ ಬರೆಯುವಾಗಲೇ ನನಗೆ ಗೊತ್ತಿತ್ತು. ಕತೆ ನಡೆಯುವುದು ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ, 1938ರಲ್ಲಿ. ಕಾಂಗ್ರೆಸ್ ಬಾವುಟ ಹಾರಿಸಬಾರದು, ಸಭೆ ಸೇರಬಾರದು ಎಂದು ಮೈಸೂರು ಸಂಸ್ಥಾನದ ಅಧಿಕಾರಿಗಳು ಆದೇಶ ಹೊರಡಿಸಿದ್ದರು. ಆದರೂ ಜನ ಸೇರಿದರು. ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದರು.

ಸತ್ತವರು ಎಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ. ಹಾಗಾಗಿ ನಾನು ಲೆಕ್ಕವನ್ನೇ ಹೇಳಲಿಲ್ಲ. ದಿಕ್ಕಾಪಾಲಾಗಿ ಓಡುವವರಿಗೆ ಲೆಕ್ಕ ಎಲ್ಲಿ ಗೊತ್ತಿರುತ್ತೆ? ಅಲ್ಲಿನ ಸ್ಮಾರಕದಲ್ಲಿ ಸತ್ತವರ ಹೆಸರುಗಳಿವೆ. ಅದರಲ್ಲಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ಆ ದುಃಖ ಆ ಮನೆಗಳದ್ದು.

ಬಳೆಗಾರ ಒಳ್ಳೆಯವನು ಎಂದು ಯಾರ ಬಾಯಲ್ಲೂ ಹೇಳಿಸಲಿಲ್ಲ. ಅವನ ಕೆಲಸವೇ ಸಾಕಿತ್ತು. ಬಿಗಿ ಕೈಗೆ ಬಳೆ ತೊಡಿಸುವಾಗ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಬೇಕು, ಗೆಣ್ಣು ಒತ್ತಬೇಕು, ನೋಯಿಸಬಾರದು. ‘ಕೈ ಸಡಿಲ ಬಿಡು ತಾಯಿ’ ಅನ್ನುತ್ತಾನೆ. ತವರಿನ ಸುದ್ದಿ ಕೇಳುತ್ತಾನೆ. ಅವಳು ಉತ್ತರ ಕೊಡುವಷ್ಟರಲ್ಲಿ ಬಳೆ ಗೆಣ್ಣು ದಾಟಿರುತ್ತದೆ. ತೊಡಿಸುವಾಗ ಒಡೆದ ಬಳೆಗೆ ಕಾಸು ಕೇಳುವುದಿಲ್ಲ. ಇದನ್ನು ಬೇರೆ ಬೇರೆ ಕೈಗಳ ಮೇಲೆ ಮತ್ತೆ ಮತ್ತೆ ತೋರಿಸಿದೆ. ಸಾವಿನ ದೃಶ್ಯ ನಿಲ್ಲಬೇಕಾದದ್ದು ಇದರ ಮೇಲೆಯೇ.

ಅವನು ಯಾರನ್ನೋ ಕಾಪಾಡಲು ಹೋಗಿ ಸಾಯಬಹುದಿತ್ತು. ಬೇಡ ಅಂದುಕೊಂಡೆ. ಹಾಗೆ ಸತ್ತರೆ ಸಾವಿಗೆ ಒಂದು ಬೆಲೆ ಸಿಕ್ಕಿಬಿಡುತ್ತದೆ, ಓದುವವರಿಗೆ ಸಮಾಧಾನವಾಗುತ್ತದೆ. ನನಗೆ ಆ ಸಮಾಧಾನ ಬೇಕಿರಲಿಲ್ಲ. ಗುಂಡು ಹೊಡೆದ ಪೊಲೀಸು ಬೆಳಿಗ್ಗೆ ಅವನ ಹತ್ತಿರವೇ ಮಗಳಿಗೆ ಬಳೆ ಕೊಂಡಿದ್ದರೆ ಹೇಗೆ ಎಂದು ಗೆಳೆಯರೊಬ್ಬರು ಕೇಳಿದರು. ಅದು ತೀರಾ ಹೊಂದಿಸಿದ ಹಾಗಾಗುತ್ತೆ, ಅಲ್ವಾ? ಬಳೆಗಳು ಚೂರುಚೂರಾಗುವ ಚಿತ್ರವನ್ನೂ ದೂರವಿಟ್ಟೆ. ಬಳೆಗಾರ ಸತ್ತ ಅಂದರೆ ಎಲ್ಲರ ಕಣ್ಣಿಗೂ ಮೊದಲು ಬರುವುದು ಅದೇ.

ಕೊನೆಗೆ ಆ ಗಳಿಗೆಯನ್ನು ಅವನ ಮುಂದೆ ಕೈ ಚಾಚಿ ಕೂತ ಹುಡುಗಿಯ ಕಣ್ಣಿಂದ ಬರೆದೆ. ಮೂರು ಬಳೆ ಏರಿವೆ, ನಾಲ್ಕನೆಯದು ಅವನ ಕೈಯಲ್ಲಿದೆ. ಸದ್ದು ಕೇಳಿ ಅವಳು ಜಾತ್ರೆಯ ಗರ್ನಾಲು ಅಂದುಕೊಳ್ಳುತ್ತಾಳೆ. ಆಮೇಲಿನ ಸಾಲುಗಳು ಇಷ್ಟೇ: ‘ತಾತ ಮುಂದಕ್ಕೆ ಬಾಗಿದ. ಗೆಣ್ಣು ಒತ್ತಲು ಬಾಗಿದ ಅಂದುಕೊಂಡಳು. ಕೈ ಸಡಿಲ ಬಿಟ್ಟಳು.’ ರಕ್ತ ಬರುವುದು ಮುಂದಿನ ಪುಟದಲ್ಲಿ, ಅದೂ ಒಂದೇ ಸಾಲು. ಅಲ್ಲಿ ‘ಪಾಪ’, ‘ಅಯ್ಯೋ’ ಎಂಬ ಮಾತು ಎಲ್ಲೂ ಇಲ್ಲ.

ಈ ಸಾವನ್ನು ಕಾದಂಬರಿಯ ನಡುಮಧ್ಯದಲ್ಲಿ ಇಟ್ಟೆ. ಉಳಿದರ್ಧ ಅವನಿಲ್ಲದೆ ಸಾಗಬೇಕು, ಓದುವವರಿಗೂ ಅವನ ಕೊರತೆ ಕಾಡಬೇಕು. ಗುಂಡು ಹಾರಿದ ಮೇಲೆ ಕಾಂಗ್ರೆಸ್ ನಾಯಕರಾದ ವಲ್ಲಭಭಾಯಿ ಪಟೇಲರು, ಕೃಪಲಾನಿ ಬಂದು ಮೈಸೂರಿನ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಮಾತಾಡಿದರು. ಮೇ ತಿಂಗಳಲ್ಲಿ ಒಪ್ಪಂದವಾಗಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟಕ್ಕೂ ಅವಕಾಶ ಸಿಕ್ಕಿತು. ಆ ಸುದ್ದಿ ಊರಿಗೆ ಬಂದಾಗ ಅವನ ಹೆಂಡತಿ ಮಲಾರ ಬಿಚ್ಚಿ, ಮಾರಲೆಂದು ಬಳೆಗಳನ್ನು ಅಳತೆಗೆ ತಕ್ಕಂತೆ ಜೋಡಿಸುತ್ತಿರುತ್ತಾಳೆ.

ನಾನು ಜಾಸ್ತಿ ಹೊತ್ತು ನಿಂತದ್ದು ಆ ವರ್ಷದ ಸುಗ್ಗಿಯ ಅಧ್ಯಾಯದಲ್ಲಿ. ‘ರಾಗಿ ಬಂದ ಮೇಲೆ ಕೊಡ್ತೀನಿ’ ಎಂದು ಸಾಲಕ್ಕೆ ಬಳೆ ತೊಟ್ಟವರು ತುಂಬಾ ಜನ. ಅವನು ಏನನ್ನೂ ಬರೆದಿಟ್ಟಿಲ್ಲ. ಯಾರು ಎಷ್ಟು ಕೊಡಬೇಕು ಎಂದು ಹೆಂಡತಿಗೆ ಗೊತ್ತಿಲ್ಲ. ಕೆಲವರು ತಾವಾಗಿಯೇ ಸೇರು ಅಳೆದು ತರುತ್ತಾರೆ. ಒಬ್ಬಳು ಹೆಚ್ಚೇ ತಂದು, ವಾಪಸ್ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಸುಮ್ನೆ ಇದ್ದುಬಿಟ್ಟವರೂ ಇದ್ದಾರೆ. ಅವರಲ್ಲಿ ಒಬ್ಬಳ ಮನೆಮುಂದೆ ಹೆಂಡತಿ ಹೋಗಿ ನಿಲ್ಲುತ್ತಾಳೆ, ದೊಡ್ಡ ಜಗಳವಾಗುತ್ತದೆ. ಅವನಿದ್ದಾಗ ಇಂಥ ಜಗಳ ಒಂದೂ ಆಗಿರಲಿಲ್ಲ. ಅದನ್ನು ಒಂದು ಮಾತೂ ಬಿಡದೆ ಪೂರ್ತಿ ಬರೆದೆ.