ಲಕ್ಷ್ಮೀ ಪದದ ದೀರ್ಘ ಮತ್ತು ನನ್ನ ಮೊದಲ ಬಗ್ ರಿಪೋರ್ಟ್

ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಡಿಟಿಪಿ ಕೆಲಸ ನನ್ನದು. ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ, ಯುನಿಕೋಡ್ (ಪ್ರತಿ ಅಕ್ಷರಕ್ಕೂ ಸಂಕೇತ ಕೊಡುವ ಪದ್ಧತಿ) ಫಾಂಟ್ ಹಾಕಿ ಮಾಡುತ್ತೇನೆ.

ಲಗ್ನದ ಸೀಸನ್. ಪ್ರೂಫ್ ನೋಡುತ್ತಿದ್ದ ಕಾಕಾ ಕರೆದರು. "ಇಲ್ಲಿ ನೋಡಪಾ, ದೀರ್ಘ ಒತ್ತಿನ ಮ್ಯಾಲೆ ಕುಂತೈತಿ." ಕಾಕಾ ಹಿಂದೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಅವರ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಹೋಗುವುದಿಲ್ಲ. ಲಗ್ನಪತ್ರಿಕೆಯ ತಲೆಯಲ್ಲೇ 'ಶ್ರೀ ಲಕ್ಷ್ಮೀ ವೆಂಕಟೇಶ್ವರ ಪ್ರಸನ್ನ' ಎಂದು ದಪ್ಪಕ್ಷರದಲ್ಲಿತ್ತು. ಗುಡಿಸಿನ ದೀರ್ಘ ಪಕ್ಕಕ್ಕೆ ಸರಿಯದೆ ಮ ಒತ್ತಿಗೆ ಅಂಟಿಕೊಂಡಿತ್ತು. ಎರಡೂ ಸೇರಿ ಮಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು. ದೇವರ ಹೆಸರೇ ಹೀಗೆ ಬಂದರೆ ಗಿರಾಕಿಗೆ ಹೇಗೆ ಕೊಡುವುದು?

ಆ ದಿನ ಬೇರೆ ಫಾಂಟ್ ಹಾಕಿ ಕೆಲಸ ಮುಗಿಸಿದೆ. ರಾತ್ರಿ ಕೂತು, ತಂತ್ರಾಂಶದ ತಪ್ಪು (ಬಗ್) ತಿಳಿಸಲು ಲಿಬ್ರೆಆಫೀಸ್‌ನವರು ಇಟ್ಟಿರುವ ಬಗ್‌ಜಿಲ್ಲಾ ತಾಣದಲ್ಲಿ ಬರೆದೆ: ಕನ್ನಡ ಸರಿಯಾಗಿ ಬರುತ್ತಿಲ್ಲ, ಬೇಗ ಸರಿಮಾಡಿ. ಅಷ್ಟೇ. ಎರಡು ದಿನಕ್ಕೆ ಉತ್ತರ ಬಂತು. ರಿಪೋರ್ಟ್ 'ನೀಡ್‌ಇನ್ಫೋ' ಎಂದು ಬದಲಾಗಿತ್ತು, ಅಂದರೆ ಮಾಹಿತಿ ಸಾಲದು. ಯಾವ ಆವೃತ್ತಿ, ಯಾವ ಫಾಂಟ್, ಏನು ಮಾಡಿದಾಗ ಹೀಗಾಗುತ್ತದೆ, ಮಾದರಿ ಫೈಲ್ ಇದೆಯಾ ಎಂದು ಕೇಳಿದ್ದರು. ಕೇಳಿದವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇಂಥ ರಿಪೋರ್ಟ್ ನೋಡುವವರಲ್ಲಿ ಬಹಳ ಜನ ತಮ್ಮ ಬಿಡುವಿನ ಹೊತ್ತು ಕೊಟ್ಟು ದುಡಿಯುವವರು. ಕಾಕಾನ ಕಣ್ಣಿಗೆ ಕಂಡದ್ದು ಅವರ ಕಣ್ಣಿಗೂ ಕಾಣಬೇಕಲ್ವಾ?

ಆವೃತ್ತಿ ತಿಳಿಯುವುದು ಸುಲಭ. ಹೆಲ್ಪ್ ಮೆನುವಿನಲ್ಲಿ 'ಅಬೌಟ್' ತೆರೆದರೆ ವಿವರವೆಲ್ಲ ಇರುತ್ತದೆ, ಹಾಗೇ ಕಾಪಿ ಮಾಡಬಹುದು. ಅದೇ ಮೆನುವಿನಿಂದ ಸೇಫ್ ಮೋಡ್‌ನಲ್ಲೂ ತೆರೆದು ನೋಡಿದೆ. ನನ್ನ ಸೆಟ್ಟಿಂಗ್, ಎಕ್ಸ್‌ಟೆನ್ಷನ್ ಯಾವುದೂ ಇಲ್ಲದಿದ್ದರೂ ತಪ್ಪು ಹಾಗೇ ಇತ್ತು.

ಫೈಲ್ ಕಳಿಸುವಾಗ ಕೈ ತಡೆಯಿತು. ಲಗ್ನಪತ್ರಿಕೆಯಲ್ಲಿ ಎರಡು ಮನೆತನದವರ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತವೆ. ಬಗ್ ರಿಪೋರ್ಟಿಗೆ ಸೇರಿಸಿದ ಫೈಲನ್ನು ಯಾರು ಬೇಕಾದರೂ ತೆರೆಯಬಹುದು. ಅದಕ್ಕೆ ಹೊಸ ಫೈಲ್ ತೆರೆದು ಒಂದೇ ಪದ ಬರೆದೆ. ದಾರಿ ಸಿಕ್ಕಿದ್ದು ಅಲ್ಲೇ. 'ಲಕ್ಷ್ಮಿ' ಎಂದು ಬರೆದರೆ ಸರಿ. 'ಲಕ್ಷ್ಮೀ' ಸಾದಾ ಅಕ್ಷರದಲ್ಲಿ ಸರಿ. ಬೋಲ್ಡ್ ಮಾಡಿದರೆ ಮಾತ್ರ ತಪ್ಪು.

ನಮಗೆ ಎರಡಕ್ಷರವಾಗಿ ಕಾಣುವ ಈ ಪದ ಯುನಿಕೋಡ್‌ನಲ್ಲಿ 7 ಸಂಕೇತ: ಲ, ಕ, ಹಲಂತ, ಷ, ಹಲಂತ, ಮ, ಕೊನೆಗೆ ಗುಡಿಸಿನ ದೀರ್ಘ. ಲಿಬ್ರೆಆಫೀಸ್‌ನಲ್ಲಿ ಇವನ್ನು ಜೋಡಿಸುವುದು ಹಾರ್ಫ್‌ಬಝ್ ಎಂಬ ಇನ್ನೊಂದು ತಂತ್ರಾಂಶ. 2017ರಲ್ಲಿ ಬಂದ 5.3 ಆವೃತ್ತಿಯಿಂದ ವಿಂಡೋಸ್, ಲಿನಕ್ಸ್ ಎರಡರಲ್ಲೂ ಅದೇ. ಆದರೆ ಯಾವ ಒತ್ತು ಎಲ್ಲಿ ಕೂರಬೇಕು ಎಂಬ ಲೆಕ್ಕ ಫಾಂಟಿನೊಳಗೆ ಇರುತ್ತದೆ. ಹಾಗಾದರೆ ತಪ್ಪು ಜೋಡಿಸುವವನದೋ, ಲೆಕ್ಕ ಕೊಟ್ಟವನದೋ? ಅದೇ ಪದವನ್ನು ಅದೇ ಫಾಂಟಿನಲ್ಲಿ ವಿಂಡೋಸ್‌ನ ನೋಟ್‌ಪ್ಯಾಡ್‌ಗೆ ಹಾಕಿದೆ. ನೋಟ್‌ಪ್ಯಾಡ್ ಹಾರ್ಫ್‌ಬಝ್ ಬಳಸುವುದಿಲ್ಲ. ಅಲ್ಲೂ ದೀರ್ಘ ಒತ್ತಿಗೆ ಅಂಟಿತ್ತು. ಮತ್ತೆರಡು ಕನ್ನಡ ಫಾಂಟಿನ ಬೋಲ್ಡ್‌ನಲ್ಲಿ ನೋಡಿದೆ, ಚೊಕ್ಕವಾಗಿ ಬಂತು. ಗುಮಾನಿ ಫಾಂಟಿನ ಕಡೆ ತಿರುಗಿತು.

ಇಷ್ಟಾದರೂ ಸರಿಯಾದ ರೂಪ ಯಾವುದು ಎಂದು ಕನ್ನಡ ಗೊತ್ತಿಲ್ಲದವರಿಗೆ ತೋರಿಸಬೇಕಿತ್ತು. ಕಾಕಾ ಒಂದು ಹಳೇ ಕಾರ್ಡಿನ ಹಿಂದೆ ಸ್ಕೆಚ್ ಪೆನ್ನಿನಲ್ಲಿ 'ಲಕ್ಷ್ಮೀ' ಎಂದು ಅಂಗೈಯಗಲ ಬರೆದರು. ಒತ್ತಿಗೂ ದೀರ್ಘಕ್ಕೂ ನಡುವೆ ಇರಬೇಕಾದ ಸಂದಿಗೆ ಕೆಂಪು ಬಾಣ ಹಾಕಿದರು. ಅದರ ಫೋಟೋ ಒಂದು ಕಡೆ, ಪರದೆಯ ಚಿತ್ರ ಇನ್ನೊಂದು ಕಡೆ ಇಟ್ಟು ಕಳಿಸಿದೆ. ತಲೆಬರಹವನ್ನೂ ಬದಲಿಸಿದೆ: ಬೋಲ್ಡ್‌ನಲ್ಲಿ ಗುಡಿಸಿನ ದೀರ್ಘ ಮ ಒತ್ತಿನ ಮೇಲೆ ಬೀಳುತ್ತದೆ. ಇಂಗ್ಲಿಷ್‌ನಲ್ಲೇ ಬರೆದೆ, ಸಣ್ಣ ಸಣ್ಣ ವಾಕ್ಯದಲ್ಲಿ. ಅಷ್ಟು ಸಾಕಾಯಿತು.

ಮಾರನೇ ದಿನವೇ ಉತ್ತರ. ರಿಪೋರ್ಟನ್ನು 'ನಾಟ್‌ಅವರ್‌ಬಗ್' ಎಂದು ಮುಚ್ಚಿದ್ದರು. ಇದು ನಮ್ಮಲ್ಲಿಯ ತಪ್ಪಲ್ಲ, ಫಾಂಟ್ ಮಾಡುವವರಿಗೆ ತಿಳಿಸಿ, ನಿಮ್ಮ ಫೈಲ್ ಅವರಿಗೂ ಉಪಯೋಗಕ್ಕೆ ಬರುತ್ತದೆ ಎಂದು ಬರೆದಿದ್ದರು. ನನಗೆ ಖುಷಿಯೇ ಆಯಿತು. ಎಲ್ಲಿಗೆ ಹೋಗಬೇಕು ಎಂಬುದು ಖಾತ್ರಿಯಾಯಿತಲ್ಲ.

ಫಾಂಟಿನವರ ರಿಪೋರ್ಟ್ ಪಟ್ಟಿಯಲ್ಲಿ ಈ ಸಲ ಮೊದಲು ಹುಡುಕಿದೆ. 'ಆತ್ಮೀಯ' ಪದದಲ್ಲಿ ಇದೇ ತೊಂದರೆ ಎಂದು ಯಾರೋ ಮೊದಲೇ ಹೇಳಿದ್ದರು. ಅಲ್ಲೂ ಮ ಒತ್ತು, ಅಲ್ಲೂ ದೀರ್ಘ. ಆದರೆ ಚಿತ್ರ ಇರಲಿಲ್ಲ, ಫೈಲೂ ಇರಲಿಲ್ಲ. ಹೊಸ ರಿಪೋರ್ಟ್ ಹಾಕದೆ ಅದರ ಕೆಳಗೇ ನನ್ನದನ್ನೆಲ್ಲ ಸೇರಿಸಿದೆ. ಒಂದೇ ತೊಂದರೆಗೆ ಹತ್ತು ರಿಪೋರ್ಟ್ ಇದ್ದರೆ ನೋಡುವವರಿಗೆ ಸುಮ್ನೆ ಕೆಲಸ ಜಾಸ್ತಿ.

ಕೆಲವು ತಿಂಗಳಾದ ಮೇಲೆ ಫಾಂಟಿನ ಹೊಸ ಆವೃತ್ತಿ ಬಂತು. ಹಾಕಿಕೊಂಡು, ದೊಡ್ಡದಾಗಿ ಪ್ರಿಂಟ್ ತೆಗೆದು ಕಾಕಾನ ಮುಂದೆ ಇಟ್ಟೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಈಗ ಬರೋಬರಿ ಐತಿ" ಅಂದರು.

ಆ ಒಂದು ಪದದ ಫೈಲ್ ಇನ್ನೂ ಡೆಸ್ಕ್‌ಟಾಪ್ ಮೇಲೇ ಇದೆ. ಯಾವ ಹೊಸ ಫಾಂಟ್ ಬಂದರೂ ಮೊದಲು ಅದನ್ನೇ ತೆರೆಯುತ್ತೇನೆ. ಕಾಕಾ ಹೇಳಿ ಹೇಳಿ ಅದಕ್ಕೆ ಇನ್ನಷ್ಟು ಪದ ಸೇರಿವೆ: ಆತ್ಮೀಯ, ರಾಷ್ಟ್ರೀಯ, ಜ್ಯೋತ್ಸ್ನಾ.