ಎರಡು ವೇಷದ ಕಥೆ ನಮ್ಮೂರ ಸ್ಟೇಜಿಗೆ ಬಂದದ್ದು

ನಮ್ಮೂರು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ನಾಟಕ ಬರೆದು ಆಡಿಸುವುದು ಸುಮಾರು ವರ್ಷಗಳಿಂದ ನನ್ನ ಪಾಲಿನ ಕೆಲಸ. ಹಾಸ್ಯ ನಾಟಕಕ್ಕೆ ಜನ ಜಾಸ್ತಿ ಸೇರುತ್ತಾರೆ, ನಿಜ. ಆದರೂ ಈ ಸಲ ಪೊಲೀಸ್ ಗೂಢಚಾರನ ಕಥೆಯೇ ಆಗಬೇಕು ಅಂತ ಹಟ ಹಿಡಿದೆ. ಅದಕ್ಕೆ ಕಾರಣ 'ದಿ ಡಿಪಾರ್ಟೆಡ್'. ಮಾರ್ಟಿನ್ ಸ್ಕೊರ್ಸೇಸಿ ನಿರ್ದೇಶಿಸಿದ 2006ರ ಸಿನಿಮಾ. ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ, ಸಂಕಲನ ಅಂತ ನಾಲ್ಕು ಆಸ್ಕರ್ ಬಂದಿತ್ತು. ಅದರ ಮೂಲ 2002ರ ಹಾಂಗ್‌ಕಾಂಗ್ ಸಿನಿಮಾ 'ಇನ್‌ಫರ್ನಲ್ ಅಫೇರ್ಸ್'. ಎರಡನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಕಥೆ ನಮ್ಮದೇ ಬರೆದುಕೊಂಡೆ, ಕಟ್ಟುವ ರೀತಿ ಅಲ್ಲಿಂದ ಕಲಿತೆ.

ಬಾಸ್ಟನ್ನಿನಲ್ಲಿ ನಡೆಯುವ ಕಥೆ ಅದು. ಫ್ರಾಂಕ್ ಕಾಸ್ಟೆಲ್ಲೊ ಎಂಬ ದೊಡ್ಡ ರೌಡಿಯ ಗುಂಪಿಗೆ ಪೊಲೀಸರು ಬಿಲ್ಲಿ ಕಾಸ್ಟಿಗನ್ ಎಂಬ ಹುಡುಗನನ್ನು ಕಳಿಸುತ್ತಾರೆ. ಅತ್ತ ಕಾಸ್ಟೆಲ್ಲೊ ಸಾಕಿ ಬೆಳೆಸಿದ ಕಾಲಿನ್ ಸಲಿವನ್ ಪೊಲೀಸ್ ಇಲಾಖೆಯೊಳಗೇ ಕೂತಿದ್ದಾನೆ. ಒಬ್ಬನನ್ನು ಒಬ್ಬ ಹುಡುಕಬೇಕು. ಇದೆಲ್ಲ ನೋಡುವ ನಮಗೆ ಮೊದಲೇ ಗೊತ್ತು. ನಮ್ಮ ತಂಡದ ಹುಡುಗರು, 'ಪೊಲೀಸಿನೊಳಗಿನ ಕಳ್ಳ ಯಾರು ಅಂತ ಕೊನೆವರೆಗೆ ಮುಚ್ಚಿಡೋಣ, ಜನ ಬೆಚ್ಚಿ ಬೀಳ್ತಾರೆ' ಅಂದರು. ನಾನು ಒಪ್ಪಲಿಲ್ಲ. ಬೆಚ್ಚಿ ಬೀಳುವುದು ಒಂದು ಗಳಿಗೆ. ಸಿಕ್ಕಿಬೀಳುತ್ತಾನೋ ಏನೋ ಎಂಬ ಹೆದರಿಕೆ ಇಡೀ ನಾಟಕಕ್ಕೆ ಸಾಕಾಗುತ್ತದೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿದ ನಮ್ಮ ಜನಕ್ಕೆ ಇದು ಹೊಸತೇ ಅಲ್ಲ. ವಿರಾಟಪರ್ವದಲ್ಲಿ ಅಡುಗೆಯ ವಲಲ ಭೀಮ ಅಂತ ಮಕ್ಕಳಿಗೂ ಗೊತ್ತು. ಕೀಚಕನಿಗೆ ಗೊತ್ತಿಲ್ಲ. ಆ ಪ್ರಸಂಗದ ಬಲವೇ ಅದು. ಹಾಗಾಗಿ ಮೊದಲ ದೃಶ್ಯದಲ್ಲೇ ಇಬ್ಬರ ಗುಟ್ಟನ್ನೂ ಜನರ ಮುಂದೆ ಇಟ್ಟುಬಿಟ್ಟೆ.

ನಮ್ಮ ನಾಟಕದಲ್ಲಿ ಡ್ರಗ್ಸ್, ಗನ್ನು ಇಲ್ಲ. ಹೊಯ್ಗೆ, ಅಂದರೆ ಮರಳು ಇದೆ. ರಾತ್ರಿ ಹೊಳೆಯಿಂದ ಹೊಯ್ಗೆ ಎತ್ತಿ ಟಿಪ್ಪರಿನಲ್ಲಿ ಸಾಗಿಸುವ ಒಂದು ಗ್ಯಾಂಗು. ಅದರೊಳಗೆ ನಮ್ಮ ಪೊಲೀಸ್ ಹುಡುಗ. ಅತ್ತ ಪೊಲೀಸಿನೊಳಗೆ ಗ್ಯಾಂಗಿನ ಧನಿ (ಯಜಮಾನ) ಬೆಳೆಸಿದ ಒಬ್ಬ ಅಧಿಕಾರಿ.

ಅವನ ಎರಡು ಬದುಕನ್ನು ತೋರಿಸುವುದು ಹೇಗೆ? ಸಿನಿಮಾಕ್ಕೆ ಕ್ಯಾಮೆರಾ ಇದೆ, ಒಂದು ಕಟ್‌ನಲ್ಲಿ ಸ್ಟೇಷನ್ನಿನಿಂದ ಅಡ್ಡೆಗೆ ಹೋಗಬಹುದು. ನಮ್ಮದು ಒಂದೇ ಸ್ಟೇಜು, ಒಂದೇ ಪರದೆ. ಇದಕ್ಕೂ ದಾರಿ ಸಿನಿಮಾದಲ್ಲೇ ಸಿಕ್ಕಿತು. ಕಾಸ್ಟಿಗನ್‌ನನ್ನು ಆರಿಸುವಾಗ ಮೇಲಧಿಕಾರಿ ಡಿಗ್ನಮ್ ಅವನ ಬಾಲ್ಯ ಕೆದಕುತ್ತಾನೆ. ಅಪ್ಪನ ಕಡೆ ಇದ್ದಾಗ ಒಂದು ರೀತಿ ಮಾತು, ಅಮ್ಮನ ಕಡೆ ಇನ್ನೊಂದು ರೀತಿ ಮಾತು ಇತ್ತಲ್ವಾ ಅಂತ ಕೇಳುತ್ತಾನೆ. ಅಲ್ಲಿ ನಾನು ಸಿನಿಮಾ ನಿಲ್ಲಿಸಿದೆ. ಕಾಸರಗೋಡಿನ ಯಾವ ಮನೆಯಲ್ಲಿ ಇದು ಇಲ್ಲ ಹೇಳಿ! ಬಸ್ಸಿನಲ್ಲಿ ಮಲಯಾಳ, ಪೇಟೆಯಲ್ಲಿ ತುಳು, ಮನೆಯಲ್ಲಿ ಕನ್ನಡ. ನಾವು ಯೋಚಿಸದೆಯೇ ಬದಲಾಯಿಸುತ್ತೇವೆ. ಹಾಗಾಗಿ ನನ್ನ ಹುಡುಗ ಗ್ಯಾಂಗಿನೊಂದಿಗೆ ತುಳು, ಎಸ್‌ಐ ಹತ್ತಿರ ಮಲಯಾಳ, ಅಮ್ಮನ ಹತ್ತಿರ ಕನ್ನಡ ಮಾತಾಡಿದ. ಬಟ್ಟೆ ಬದಲಿಸಲಿಲ್ಲ, ಲೈಟೂ ಆರಿಸಲಿಲ್ಲ. ಬಾಯಿ ತೆರೆದ ಕೂಡಲೇ ಅವನು ಈಗ ಎಲ್ಲಿದ್ದಾನೆ ಅಂತ ಜನಕ್ಕೆ ತಿಳಿಯಿತು. ಜ್ವರ ಬಂದು ಮಲಗಿದ ಒಂದು ದೃಶ್ಯದಲ್ಲಿ ಅವನು ಗ್ಯಾಂಗಿನವರ ಎದುರೇ ಮಲಯಾಳದಲ್ಲಿ 'ಸಾರೇ' ಅಂತ ಕನವರಿಸುತ್ತಾನೆ. ಆಗ ಮುಂದಿನ ಸಾಲಿನ ಹೆಂಗಸೊಬ್ಬರು 'ಅಯ್ಯೋ, ಬಾಯಿ ಮುಚ್ಚು ಮಗಾ' ಅಂದದ್ದು ಸ್ಟೇಜಿನವರೆಗೆ ಕೇಳಿಸಿತು.

ಇನ್ನೊಂದು, ವಸ್ತುವಿನ ಬಳಕೆ. ಸಿನಿಮಾದಲ್ಲಿ ಕಾಸ್ಟೆಲ್ಲೊ ತನ್ನ ಹುಡುಗರ ವಿವರಗಳನ್ನು ಒಂದು ಲಕೋಟೆಗೆ ಹಾಕಿಸುತ್ತಾನೆ. ಅದರ ಮೇಲಿನ ಒಂದು ತಪ್ಪಕ್ಷರವನ್ನು ಕಾಸ್ಟಿಗನ್ ತಿದ್ದುತ್ತಾನೆ. ತೀರಾ ಸಣ್ಣ ಸಂಗತಿ, ಮರೆತೇ ಹೋಗುತ್ತದೆ. ಬಹಳ ಹೊತ್ತಿನ ಮೇಲೆ ಅದೇ ಲಕೋಟೆ ಸಲಿವನ್ನನ ಮೇಜಿನ ಮೇಲೆ ಕಾಣುತ್ತದೆ. ಒಂದೂ ಮಾತಿಲ್ಲದೆ ಎಲ್ಲ ಬಯಲು. ಸ್ಟೇಜಿನಲ್ಲಿ ಕೈಬರಹ ಕೊನೆಯ ಸಾಲಿಗೆ ಕಾಣುವುದಿಲ್ಲ. ಅದಕ್ಕೆ ನಾನು ಕ್ಯಾಲೆಂಡರ್ ಹಾಳೆ ಹಿಡಿದೆ. ದೊಡ್ಡ ಕೆಂಪು ಅಂಕೆ ಇರುವ ಭಾನುವಾರದ ಹಾಳೆ. ಹುಡುಗ ಅದನ್ನು ಪರ್ರನೆ ಹರಿದು, ಹಿಂದುಗಡೆ ಲೋಡಿನ ಲೆಕ್ಕ ಬರೆದು ಧನಿಗೆ ಕೊಡುತ್ತಾನೆ. ಮುಂದೆ ಪೊಲೀಸ್ ಅಧಿಕಾರಿ ಕರವಸ್ತ್ರ ಎಳೆಯುವಾಗ ಕಿಸೆಯಿಂದ ಆ ಕೆಂಪು ಅಂಕೆ ಕೆಳಗೆ ಬೀಳುತ್ತದೆ. ಹರಿಯುವಾಗ ಸದ್ದು ಬರಲೇಬೇಕು ಅಂತ ರಿಹರ್ಸಲ್‌ನಲ್ಲಿ ತುಂಬಾ ತಲೆ ತಿಂದಿದ್ದೆ. ಕಣ್ಣಿಗೆ ತಪ್ಪಿದರೂ ಕಿವಿಗೆ ಬೀಳಬೇಕು.

ನಮ್ಮ ನಾಟಕದಲ್ಲಿ ಒಂದು ಫೋನಿನ ದೃಶ್ಯ ಇದೆ, ಅದಕ್ಕೆ ಮೌನ ಬೇಕಿತ್ತು. ಬಯಲಿನಲ್ಲಿ ಮೌನ ಎಲ್ಲಿಂದ ತರುವುದು? ಜನರೇಟರ್, ಚರುಮುರಿ ಅಂಗಡಿ, ಮಕ್ಕಳು. ಧ್ವನಿವರ್ಧಕದ ಹುಡುಗನಿಗೆ ಹೇಳಿ, ದೃಶ್ಯದ ಮೊದಲಿನಿಂದಲೂ ಹೊಳೆ ನೀರಿನ ಸದ್ದನ್ನು ಸಣ್ಣಗೆ ಹಾಕಿಸಿದೆ. ಫೋನ್ ಎತ್ತಿದ ಕೂಡಲೇ ಅದನ್ನು ಫಕ್ಕನೆ ನಿಲ್ಲಿಸಿದ. ಜನ ತಾವಾಗಿ ಸುಮ್ಮನಾದರು.

ಸಿನಿಮಾದಲ್ಲಿ ನನ್ನನ್ನು ತುಂಬಾ ಕಾಡಿದ್ದು ಕಾಸ್ಟಿಗನ್ ಫೈಲಿನ ವಿಷಯ. ಅವನು ಪೊಲೀಸ್ ಅಂತ ಗೊತ್ತಿರುವುದು ಮೇಲಧಿಕಾರಿಗಳಾದ ಕ್ವೀನನ್ ಮತ್ತು ಡಿಗ್ನಮ್‌ಗೆ ಮಾತ್ರ. ಕ್ವೀನನ್ ಸಾಯುತ್ತಾನೆ. ಡಿಗ್ನಮ್ ಕೆಲಸದಿಂದ ದೂರ ಹೋಗುತ್ತಾನೆ. ಸಲಿವನ್ ಕಂಪ್ಯೂಟರಿನಿಂದ ಫೈಲ್ ಅಳಿಸಿದ ಮೇಲೆ ಇವನು ಬರೀ ರೌಡಿ. ನಾನು ಫೈಲನ್ನು ಅಮ್ಮನ ಕೈಗೆ ಕೊಟ್ಟೆ. ಮಗ ನಂಬಿಕೆಯಿಂದ ಮನೆಯಲ್ಲಿ ತಂದಿಟ್ಟ ಆರ್ಡರ್ ಕಾಪಿ ಮಲಯಾಳದಲ್ಲಿದೆ, ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಅವನು ಪೊಲೀಸ್ ಅಂತ ಹೇಳುವ ಒಂದೇ ಕಾಗದವನ್ನು ಆಕೆ ಅಧಿಕಾರಿಗೇ ಕೊಟ್ಟು, 'ಇದ್ರಲ್ಲಿ ಏನು ಬರ್ದಿದೆ ಸರ್, ಸ್ವಲ್ಪ ಓದಿ ಹೇಳಿ' ಅನ್ನುತ್ತಾಳೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಈಚೆಗೆ ಇಲ್ಲಿನ ಎಷ್ಟೋ ಕನ್ನಡದ ಅಮ್ಮಂದಿರು ಹೀಗೆ ಕಾಗದ ಹಿಡಿದು ಯಾರದೋ ಎದುರು ನಿಂತಿದ್ದಾರೆ. ಈ ದೃಶ್ಯ ಬರೆಯುವಾಗ ನನ್ನ ಕೈ ನಡುಗಿತು.

ಕೊನೆ ಹೇಗಿರಬೇಕು ಎಂಬುದಕ್ಕೆ ಚರ್ಚೆಯೋ ಚರ್ಚೆ. 'ದಿ ಡಿಪಾರ್ಟೆಡ್'ನಲ್ಲಿ ಡಿಗ್ನಮ್ ಬಂದು ಸಲಿವನ್ನನನ್ನು ಕೊಲ್ಲುತ್ತಾನೆ. ಹಾಂಗ್‌ಕಾಂಗ್ ಸಿನಿಮಾದಲ್ಲಿ ಪೊಲೀಸಿನೊಳಗಿನ ಆ ಕಳ್ಳ ಬದುಕಿ ಉಳಿಯುತ್ತಾನೆ. ಚೀನಾದೊಳಗೆ ತೋರಿಸಲು ಅವನ ಬಂಧನ ಆಗುವ ಬೇರೆ ಕೊನೆಯನ್ನೇ ಮಾಡಿದ್ದರು. ನನಗೆ ಉಳಿಯುವ ಕೊನೆಯೇ ಸರಿ ಅನಿಸಿತು. ಆಗ ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳುವ ನಮ್ಮ ಹಿರಿಯ ಮಾಷ್ಟ್ರು ಒಂದು ಮಾತು ಹೇಳಿದರು: 'ಉಳಿಸು ಮಾರಾಯಾ, ಆದ್ರೆ ಸುಮ್ನೆ ಉಳಿಸ್ಬೇಡ. ಅವನ ಪಕ್ಷವನ್ನೂ ಅವನು ಮಾತಾಡ್ಲಿ.' ಸಿನಿಮಾದ ಶುರುವಿನಲ್ಲಿ ಕಾಸ್ಟೆಲ್ಲೊ ಅಂಗಡಿಯಲ್ಲಿ ಹುಡುಗ ಕಾಲಿನ್‌ಗೆ ಬ್ರೆಡ್ಡು, ಹಾಲು ಕೊಡಿಸುವುದು ನೆನಪಾಯಿತು. ನನ್ನ ಅಧಿಕಾರಿಗೂ ಮಾತು ಬರೆದೆ. ಶಾಲೆ ಫೀಸು ಕಟ್ಟಿದ್ದು ಹೊಯ್ಗೆ ಧನಿ, ಅಪ್ಪ ಸತ್ತಾಗ ಹೆಗಲು ಕೊಟ್ಟದ್ದೂ ಅವನೇ, ಆಗ ಕಾನೂನು ಎಲ್ಲಿತ್ತು ಅಂತ ಅವನು ಕೇಳುತ್ತಾನೆ. ನಾಟಕ ಉದ್ದವಾಯಿತು ಅಂತ ಕಮಿಟಿಯವರು ಗೊಣಗಿದರು. ಮುಂದಿನ ತಿಂಗಳು ಪೆರ್ಲದಲ್ಲಿ ಮತ್ತೆ ಆಡುವುದಿದೆ. ಬೇರೆ ಎಲ್ಲಾದರೂ ಕತ್ತರಿಸುತ್ತೇನೆ, ಈ ಮಾತನ್ನು ಮುಟ್ಟುವುದಿಲ್ಲ.