ಯುವಿಕಾ ಅರ್ಜಿಗೆ ಫೆಬ್ರುವರಿಯಲ್ಲಲ್ಲ, ಜೂನ್‌ನಲ್ಲೇ ಸಿದ್ಧರಾಗಿ

ಇಸ್ರೊ 2019ರಲ್ಲಿ ಆರಂಭಿಸಿದ ಯುವ ವಿಜ್ಞಾನಿ ಕಾರ್ಯಕ್ರಮ ‘ಯುವಿಕಾ’ದ ಪ್ರಕಟಣೆ ಸಾಮಾನ್ಯವಾಗಿ ಫೆಬ್ರುವರಿಯಲ್ಲಿ ಹೊರಬೀಳುತ್ತದೆ. ಪ್ರೌಢಶಾಲೆಗಳಲ್ಲಿ ಅದು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಡಿಬಿಡಿಯ ಕಾಲ. ಸುತ್ತೋಲೆ ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಹತ್ತಾರು ‘ಶುಭೋದಯ’ಗಳ ಕೆಳಗೆ ಹೂತುಹೋಗುತ್ತದೆ. ಯಾರಾದರೂ ನೆನಪಿಸುವ ಹೊತ್ತಿಗೆ ಕೊನೆಯ ದಿನಾಂಕಕ್ಕೆ ಎರಡು ದಿನ ಉಳಿದಿರುತ್ತದೆ, ಮಗುವಿನ ಕೈಯಲ್ಲಿ ಒಂದು ಪ್ರಮಾಣಪತ್ರವೂ ಇರುವುದಿಲ್ಲ.

ಆಯ್ಕೆಯಾದವರಿಗೆ ಬೇಸಿಗೆ ರಜೆಯಲ್ಲಿ ಸುಮಾರು ಎರಡು ವಾರ ಇಸ್ರೊ ಕೇಂದ್ರವೊಂದರಲ್ಲಿ ವಸತಿ ಸಹಿತ ಶಿಬಿರ ನಡೆಯುತ್ತದೆ. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ, ತಿರುವನಂತಪುರ, ಶ್ರೀಹರಿಕೋಟಾ, ಅಹಮದಾಬಾದ್, ಹೈದರಾಬಾದ್, ಡೆಹ್ರಾಡೂನ್ ಮತ್ತು ಶಿಲ್ಲಾಂಗ್‌ಗಳಲ್ಲಿ ಈ ಶಿಬಿರಗಳು ನಡೆದಿವೆ. ಊಟ, ವಸತಿ, ಪ್ರಯಾಣದ ಖರ್ಚು ಇಸ್ರೊದ್ದು. ಆ ವರ್ಷದ ಜನವರಿ 1ರಂದು 9ನೇ ತರಗತಿಯಲ್ಲಿ ಇರುವವರು ಮಾತ್ರ ಅರ್ಜಿ ಹಾಕಬಹುದು. ಅಂದರೆ ಒಬ್ಬ ವಿದ್ಯಾರ್ಥಿಗೆ ಸಿಗುವುದು ಒಂದೇ ಅವಕಾಶ.

ಮೊದಲು ಅಂಕದ ಲೆಕ್ಕ ನೋಡಿ

ಇತ್ತೀಚಿನ ವರ್ಷಗಳ ಆಯ್ಕೆ ಮಾನದಂಡದಲ್ಲಿ 8ನೇ ತರಗತಿಯ ಅಂಕಗಳಿಗೆ ಶೇ 50, ಆನ್‌ಲೈನ್ ರಸಪ್ರಶ್ನೆಗೆ ಶೇ 10, ಪಂಚಾಯಿತಿ ವ್ಯಾಪ್ತಿಯ ಗ್ರಾಮೀಣ ಶಾಲೆಯಲ್ಲಿ ಓದುತ್ತಿರುವುದಕ್ಕೆ ಶೇ 15 ಪಾಲಿದೆ. ಉಳಿದ ಶೇ 25 ವಿಜ್ಞಾನ ಮೇಳ, ಒಲಿಂಪಿಯಾಡ್, ಕ್ರೀಡೆ ಮತ್ತು ಸ್ಕೌಟ್ಸ್–ಎನ್‌ಸಿಸಿಗಳ ನಡುವೆ ಹಂಚಿಹೋಗುತ್ತದೆ. ಜೊತೆಗೆ ಪ್ರತಿ ರಾಜ್ಯಕ್ಕೂ ಕನಿಷ್ಠ ಪ್ರಾತಿನಿಧ್ಯ ಇರುತ್ತದೆ.

ಎಲ್ಲರೂ ತಲೆಕೆಡಿಸಿಕೊಳ್ಳುವುದು ರಸಪ್ರಶ್ನೆಗೆ. ಅದರ ಪಾಲು ಹತ್ತೇ. ಹಳ್ಳಿಯ ಶಾಲೆ ಎಂಬ ಒಂದೇ ಕಾರಣಕ್ಕೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ಸರ್ಕಾರಿ ಪ್ರೌಢಶಾಲೆಯ ಶಿಕ್ಷಕರು ‘ಇದೆಲ್ಲ ನಗರದ ಮಕ್ಕಳಿಗೆ’ ಎಂದು ಕೈಬಿಡುವುದಕ್ಕೆ ಅರ್ಥವೇ ಇಲ್ಲ. 8ನೇ ತರಗತಿಯಲ್ಲೇ ಕೆಲಸ ಶುರುವಾಗಬೇಕು ಎನ್ನುವುದೂ ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಹೆಜ್ಜೆ 1: ಜೂನ್‌ನಲ್ಲಿ ಶಿಕ್ಷಕರ ಓದು

ಇಸ್ರೊದ ‘ಅಂತರಿಕ್ಷ ಜಿಜ್ಞಾಸಾ’ ಜಾಲತಾಣದಲ್ಲಿ ಉಚಿತ ಕೋರ್ಸ್‌ಗಳಿವೆ. ನಮ್ಮ ವೇಗದಲ್ಲಿ ನೋಡಿ ಮುಗಿಸಬಹುದು. ಮೊದಲು ಶಿಕ್ಷಕರು ಒಂದನ್ನು ಪೂರ್ಣಗೊಳಿಸಲಿ, ನಂತರ ಮಕ್ಕಳನ್ನು ಕೂರಿಸಲಿ. ಪಾಠದ ಭಾಷೆ ತೊಡಕಾದರೆ ಅರ್ಧ ಗಂಟೆಯ ವಿಡಿಯೊವನ್ನು ತುಂಡು ತುಂಡಾಗಿ ನಿಲ್ಲಿಸಿ ಕನ್ನಡದಲ್ಲಿ ವಿವರಿಸುವುದೇ ದಾರಿ. ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ ಜೋಡಣೆಯಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿದ ದೇಶದ ಮೊದಲ ಉಪಗ್ರಹ ಆರ್ಯಭಟ, ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ, ದೂರದ ನೌಕೆಗಳ ಸಂಕೇತ ಹಿಡಿಯುವ ಬೆಂಗಳೂರು ಬಳಿಯ ಬ್ಯಾಲಾಳಿನ 32 ಮೀಟರ್ ಆಂಟೆನಾ: ಇವುಗಳಿಂದ ಆರಂಭಿಸಿದರೆ ಮಕ್ಕಳು ಕಿವಿಗೊಡುತ್ತಾರೆ.

ಹೆಜ್ಜೆ 2: ಆಗಸ್ಟ್‌ನಲ್ಲಿ ಭೂಮಿ ಅಳೆಯಿರಿ

ವಿಜ್ಞಾನ ಮೇಳಕ್ಕೆ ಥರ್ಮಾಕೋಲ್ ರಾಕೆಟ್ ಒಯ್ಯುವ ಪದ್ಧತಿಯನ್ನು ಇನ್ನಾದರೂ ಬಿಡೋಣ. ಒಂದು ಕೋಲು, ಒಂದು ಸ್ಕೇಲು ಮತ್ತು ದೂರದ ಊರಿನ ಒಬ್ಬ ಸ್ನೇಹಿತ ಶಿಕ್ಷಕರಿದ್ದರೆ ಭೂಮಿಯ ಸುತ್ತಳತೆಯನ್ನೇ ಕಂಡುಹಿಡಿಯಬಹುದು. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ.

ಕರ್ನಾಟಕಕ್ಕೆ ಇಲ್ಲೊಂದು ಅದೃಷ್ಟವಿದೆ. ಬೆಂಗಳೂರು ಮತ್ತು ಬೀದರ್ ಬಹುತೇಕ ಒಂದೇ ರೇಖಾಂಶದ ಮೇಲಿವೆ. ಎರಡೂ ಕಡೆ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಒಂದೇ ಹೊತ್ತಿಗೆ. ಆಗಸ್ಟ್ 18ರ ಆಸುಪಾಸಿನಲ್ಲಿ ಬೆಂಗಳೂರಿಗೆ ಶೂನ್ಯ ನೆರಳಿನ ದಿನ. ಮಧ್ಯಾಹ್ನ 12.24ರ ಹೊತ್ತಿಗೆ ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಬುಡದಲ್ಲೇ ಅಡಗುತ್ತದೆ. ಅದೇ ಹೊತ್ತಿಗೆ ಬೀದರಿನಲ್ಲಿ 100 ಸೆಂ.ಮೀ. ಕೋಲಿಗೆ ಸುಮಾರು 8.6 ಸೆಂ.ಮೀ. ನೆರಳು ಉಳಿದಿರುತ್ತದೆ. ನೆರಳನ್ನು ಕೋಲಿನ ಎತ್ತರದಿಂದ ಭಾಗಿಸಿ, ಕ್ಯಾಲ್ಕುಲೇಟರಿನ tan⁻¹ ಗುಂಡಿಯಿಂದ ಕೋನ ತೆಗೆದರೆ ಸುಮಾರು 4.9 ಡಿಗ್ರಿ. ಎರಡೂ ಊರುಗಳ ನಡುವಿನ ನೇರ ಅಂತರ ಸುಮಾರು 550 ಕಿ.ಮೀ. ಬಸ್ಸಿನ ದೂರವನ್ನು ಹಾಕಿದರೆ ಲೆಕ್ಕ ಕೆಡುತ್ತದೆ, ನಕ್ಷೆಯಿಂದ ಅಳೆಯಿರಿ. ಭೂಮಿಯ ಪೂರ್ತಿ ಸುತ್ತು 360 ಡಿಗ್ರಿ. ಅದನ್ನು 4.9ರಿಂದ ಭಾಗಿಸಿ 550ರಿಂದ ಗುಣಿಸಿದರೆ ಬರುವುದು ಸುಮಾರು 40,400 ಕಿ.ಮೀ. ಧ್ರುವಗಳ ಮೂಲಕ ಹಾಯುವ ಭೂಮಿಯ ನಿಜವಾದ ಸುತ್ತಳತೆ 40,008 ಕಿ.ಮೀ.

ಕೈಕೊಡುವುದು ಹೆಚ್ಚಾಗಿ ಕೋಲಿನ ವಾಲಿಕೆ. ಕೋಲು ಒಂದೇ ಡಿಗ್ರಿ ವಾಲಿದರೂ ನೆರಳಿನ ತುದಿ ಪೌಣೆ ಎರಡು ಸೆಂ.ಮೀ. ಸರಿಯಬಹುದು. ಎಂಟೂವರೆ ಸೆಂ.ಮೀ. ನೆರಳಿನಲ್ಲಿ ಅದು ಐದನೇ ಒಂದು ಪಾಲು! ಆದ್ದರಿಂದ ಗಾರೆ ಕೆಲಸದವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡನ್ನು ಎರವಲು ತಂದು ಎರಡು ಬದಿಯಿಂದ ಪರೀಕ್ಷಿಸಿ. 12 ಗಂಟೆಯಿಂದ 12.45ರವರೆಗೆ ಎರಡೆರಡು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಚುಕ್ಕೆ ಇಡಿಸಿ, ಅತಿ ಕಿರಿದಾದುದನ್ನು ಆರಿಸಿ. ಸೂರ್ಯನನ್ನು ನೇರವಾಗಿ ಯಾರೂ ನೋಡಬಾರದು.

ಆಗಸ್ಟ್‌ನಲ್ಲಿ ಮೋಡ ಕವಿದರೆ? ಕವಿದೇ ಕವಿಯುತ್ತದೆ ಎಂದುಕೊಳ್ಳಿ. ಚಿಂತೆಯಿಲ್ಲ. ಶೂನ್ಯ ನೆರಳಿನ ದಿನ ಬೆಂಗಳೂರಿನ ಕೋನ ಸೊನ್ನೆಯಾಗುತ್ತದೆ, ಲೆಕ್ಕ ಸಲೀಸು ಅಷ್ಟೇ. ಡಿಸೆಂಬರಿನ ಯಾವುದಾದರೂ ತಿಳಿಬಿಸಿಲ ದಿನ ಎರಡೂ ಕಡೆ ಅಳೆದು ದೊಡ್ಡ ಕೋನದಿಂದ ಚಿಕ್ಕದನ್ನು ಕಳೆದರೂ ಅದೇ ಉತ್ತರ ಸಿಗುತ್ತದೆ.

ಹೆಜ್ಜೆ 3: ಅಳತೆಯನ್ನು ಮೇಳಕ್ಕೆ ಒಯ್ಯಿರಿ

ಅಳತೆಯ ಪುಸ್ತಕ, ಚುಕ್ಕೆಗಳಿರುವ ಹಾಳೆ ಮತ್ತು ಎರಡೂ ಶಾಲೆಗಳ ಫೋಟೊ ಇದ್ದರೆ ಪ್ರದರ್ಶನಕ್ಕೆ ಸಾಕು. ಯುವಿಕಾದಲ್ಲಿ ಶಾಲಾ ಮಟ್ಟದ ಮೇಳಕ್ಕೂ ಸ್ವಲ್ಪ ಅಂಕವಿದೆ, ಜಿಲ್ಲೆ ಮತ್ತು ರಾಜ್ಯ ಮಟ್ಟಕ್ಕೆ ಹೆಚ್ಚು. ಹಾಗಾಗಿ ಶಾಲೆಯಲ್ಲಿ ಮೇಳ ಮಾಡಿದ ದಿನವೇ ದಿನಾಂಕ ಮತ್ತು ಮೊಹರು ಇರುವ ಪ್ರಮಾಣಪತ್ರ ಕೊಟ್ಟುಬಿಡಿ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ನಡೆಸುವ ಮಕ್ಕಳ ವಿಜ್ಞಾನ ಸಮಾವೇಶದ ಕಡೆಗೂ ಗಮನವಿರಲಿ. ಶಾಲಾ ಮಕ್ಕಳ ಹೊಸ ಆಲೋಚನೆಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಇನ್‌ಸ್ಪೈರ್ ಮಾನಕ್’ ಪ್ರಶಸ್ತಿಗೆ ಮಾತ್ರ ಈ ನೆರಳಿನ ಪ್ರಯೋಗವನ್ನು ಕಳಿಸಬೇಡಿ. ಅವರಿಗೆ ಬೇಕಾದದ್ದು ಮಗುವಿನ ಸ್ವಂತ ಹೊಸ ಆಲೋಚನೆ. ಆಯ್ಕೆಯಾದರೆ 10,000 ರೂಪಾಯಿ ಸಿಗುತ್ತದೆ.

ಹೆಜ್ಜೆ 4: ಜನವರಿಯಲ್ಲಿ ಕಡತ

ವಿದ್ಯಾರ್ಥಿ 9ನೇ ತರಗತಿಯಲ್ಲಿರುವಾಗ ಬರುವ ಜನವರಿಯಲ್ಲಿ ಒಂದು ಫೈಲ್ ಮಾಡಿ. 8ನೇ ತರಗತಿಯ ಅಂಕಪಟ್ಟಿ, ಮೇಳ–ಕ್ರೀಡೆಗಳ ಪ್ರಮಾಣಪತ್ರ, ಶಾಲೆ ಪಂಚಾಯಿತಿ ವ್ಯಾಪ್ತಿಯಲ್ಲಿದೆ ಎಂಬ ದಾಖಲೆ ಅದರಲ್ಲಿರಲಿ. ಅಂಕಪಟ್ಟಿಯಲ್ಲಿ ಬರೀ ಗ್ರೇಡ್ ಇದ್ದರೆ ಶೇಕಡಾವಾರು ಅಂಕಗಳನ್ನು ಮುಖ್ಯಶಿಕ್ಷಕರಿಂದ ಬರೆಸಿ ಸಹಿ ಹಾಕಿಸಿ. ಹೆಸರು ಎಲ್ಲ ಕಡೆ ಒಂದೇ ರೀತಿ ಇದೆಯೇ ನೋಡಿ. ಮಗುವಿನ ಹೆಸರಿನಲ್ಲಿ ಇ–ಮೇಲ್ ಖಾತೆ ತೆರೆದು ಪಾಸ್‌ವರ್ಡ್‌ ಬರೆದಿಡಿ. ಸೈಬರ್ ಕೇಂದ್ರದವರ ಇ–ಮೇಲ್ ಕೊಟ್ಟರೆ ಆಯ್ಕೆ ಪಟ್ಟಿಯ ಸುದ್ದಿಯೂ ಅವರಿಗೇ ಹೋಗುತ್ತದೆ.

ಹೆಜ್ಜೆ 5: ಅರ್ಜಿ

ನೋಂದಣಿ, ಇ–ಮೇಲ್ ದೃಢೀಕರಣ, ರಸಪ್ರಶ್ನೆ, ವಿವರ ತುಂಬುವುದು, ಮುಖ್ಯಶಿಕ್ಷಕರ ದೃಢೀಕರಣದೊಂದಿಗೆ ದಾಖಲೆ ಏರಿಸುವುದು: ಕ್ರಮ ಇಷ್ಟೇ. ರಸಪ್ರಶ್ನೆಗೆ ಕಾಲಮಿತಿ ಇರುವುದರಿಂದ ನೆಟ್‌ವರ್ಕ್ ಚೆನ್ನಾಗಿರುವ ಕಡೆ ಕೂತ ಮೇಲೆಯೇ ನೋಂದಣಿ ಆರಂಭಿಸಿ. ಚಂದ್ರಯಾನ–3 ಇಳಿದದ್ದು 2023ರ ಆಗಸ್ಟ್ 23ರಂದು, ಸೂರ್ಯನನ್ನು ಅಧ್ಯಯನ ಮಾಡುವ ನೌಕೆ ಆದಿತ್ಯ–ಎಲ್1 ಇರುವುದು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ ಎಂಬಂಥ ಸಂಗತಿಗಳು ಮಗುವಿಗೆ ಬಾಯಿಗೆ ಬರಲಿ. ಇಲ್ಲದ ಪ್ರಮಾಣಪತ್ರ ಇದೆಯೆಂದು ತುಂಬಬೇಡಿ. ಮೂಲ ದಾಖಲೆ ಪರಿಶೀಲಿಸುತ್ತಾರೆ, ಆಯ್ಕೆ ರದ್ದಾಗುತ್ತದೆ. ಆಯ್ಕೆಯಾದವರು ಪ್ರಯಾಣದ ಟಿಕೆಟ್‌ಗಳ ಮೂಲ ಪ್ರತಿ ಜೋಪಾನ ಮಾಡಬೇಕು. ಅದು ಕೊಟ್ಟರೆ ಮಾತ್ರ ಹಣ ವಾಪಸ್.

ಆಯ್ಕೆಯಾಗದವರಿಗೆ

ಹೆಚ್ಚಿನವರು ಆಯ್ಕೆಯಾಗುವುದಿಲ್ಲ, ಅದನ್ನು ಮೊದಲೇ ಮಕ್ಕಳಿಗೆ ಹೇಳಿಬಿಡಿ. ಶ್ರೀಹರಿಕೋಟಾದ ವೀಕ್ಷಣಾ ಗ್ಯಾಲರಿಯಲ್ಲಿ ಮುಂಗಡ ನೋಂದಣಿ ಮಾಡಿಸಿ ಉಡಾವಣೆಯನ್ನು ಉಚಿತವಾಗಿ ನೋಡಬಹುದು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯಗಳಿಗೆ ಶಾಲಾ ಪ್ರವಾಸ ಹೋಗಬಹುದು.

ನನ್ನ ಮತ ಮಾತ್ರ ಕ್ಷುದ್ರಗ್ರಹ ಹುಡುಕಾಟಕ್ಕೆ. ಅಮೆರಿಕದ ‘ಐಎಎಸ್‌ಸಿ’ (ಇಂಟರ್‌ನ್ಯಾಷನಲ್ ಆಸ್ಟ್ರೊನಾಮಿಕಲ್ ಸರ್ಚ್ ಕೊಲಾಬರೇಷನ್) ಎಂಬ ಸಂಸ್ಥೆ ಹವಾಯಿಯ ಪ್ಯಾನ್–ಸ್ಟಾರ್ಸ್ ದೂರದರ್ಶಕದ ಚಿತ್ರಗಳನ್ನು ನೋಂದಾಯಿತ ತಂಡಗಳಿಗೆ ಉಚಿತವಾಗಿ ಕಳಿಸುತ್ತದೆ. ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರಗಳನ್ನು ಒಂದರ ಮೇಲೊಂದು ಮಿನುಗಿಸಿದರೆ ನಕ್ಷತ್ರಗಳು ನಿಂತಲ್ಲೇ ಇರುತ್ತವೆ, ಕ್ಷುದ್ರಗ್ರಹದ ಚುಕ್ಕೆ ಮಾತ್ರ ಸಾಲಾಗಿ ಹೆಜ್ಜೆ ಇಡುತ್ತದೆ. ಮಕ್ಕಳು ಅದನ್ನು ಗುರುತಿಸಿ ವರದಿ ಕಳಿಸಬೇಕು. ಹೊಸದೆಂದು ಅಧಿಕೃತವಾಗಿ ಸಂಖ್ಯೆ ಸಿಗಲು ವರ್ಷಗಳು ಬೇಕು. ವಯಸ್ಸಿನ ಕಟ್ಟುನಿಟ್ಟಿಲ್ಲ, ಅಂಕಪಟ್ಟಿ ಕೇಳುವುದಿಲ್ಲ. ಅದಕ್ಕೆ ಬಳಸುವ ‘ಆಸ್ಟ್ರೊಮೆಟ್ರಿಕಾ’ ತಂತ್ರಾಂಶ ವಿಂಡೋಸ್ ಕಂಪ್ಯೂಟರಿನಲ್ಲಿ ಓಡುತ್ತದೆ, ಆದ್ದರಿಂದ ಶಾಲೆಯ ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ ಎಂದು ಮೊದಲು ವಿಚಾರಿಸಿಕೊಳ್ಳಿ.